ಶಾರದಮ್ಮನಿಗೆ ಹೇಳಿದ ಹಕ್ಕಿಗಳು

ದುರ್ಗಕ್ಕೆ ಬಂದ ಮೊದಲ ಬೆಳಗ್ಗೆ, ಏನೂ ಸದ್ದಿಲ್ಲವಲ್ಲ ಎಂದು ಗಾಬರಿಯಾಗಿ ಎದ್ದು ಕೂತೆ. ಯಲ್ಲದಕೆರೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಕುರಿರೊಪ್ಪ. ಮರಿಗಳು ಅರಚದೆ ಬೆಳಗಾದದ್ದನ್ನು ನಾನು ಕಂಡಿರಲಿಲ್ಲ. ಕುರಿಗಳಿಗೆ ಏನಾಯಿತೋ ಅಂದುಕೊಂಡೆ. ಆಮೇಲೆ ನೆನಪಾಯಿತು: ಇದು ಬಾಡಿಗೆ ಕೋಣೆ, ನನಗೆ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿದೆ.

ಕೋಣೆ ಇದ್ದದ್ದು ಶಾರದಮ್ಮನವರ ಹಿತ್ತಲಿನಲ್ಲಿ. ಅವರು ನಿವೃತ್ತ ಟೀಚರು, ಕಣ್ಣು ಮಂಜು. ನಮ್ಮೂರಲ್ಲಿ ದಾರಿಹೋಕರನ್ನೂ ಕೂರಿಸಿ ಮಾತಾಡಿಸುತ್ತೇವೆ. ಇವರು ಎರಡು ತಿಂಗಳಲ್ಲಿ ಗೇಟ್ ಹಾಕು ಎನ್ನುವುದರ ಹೊರತು ಮಾತಾಡಲಿಲ್ಲ. ಅವರದು 'ಇದೆ', 'ಇವೆ'. ನನ್ನದು 'ಐತೆ', 'ಅವೆ'. ನಕ್ಕಾರೆಂದು ನಾನೂ ಬಾಯಿ ಬಿಡಲಿಲ್ಲ. ಈ ಕೆಲಸ ಸಾಕು, ಯುಗಾದಿಗೆ ಬಂದು ಊರಿಗೇ ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಫೋನ್ ಮಾಡಿದೆ.

ಶಿವರಾತ್ರಿ ಕಳೆದು ಬೇವು ಚಿಗುರಿತ್ತು. ದಂಟಿನ ಬೀಜ ಹಾಕೋಣವೆಂದು ಒಂದು ಬೆಳಗ್ಗೆ ನೆಲ ಅಗೆಯುತ್ತಿದ್ದೆ. ಕಾಜಾಣವೊಂದು ತಂತಿಯ ಮೇಲೆ ಬಂದು ಕೂತು, ಗುದ್ದಲಿ ಎತ್ತಿದಾಗಲೆಲ್ಲ ಇಳಿದು ಹುಳ ಹಿಡಿಯತೊಡಗಿತು. ಅದರ ಕೂಗು ಕೇಳಿ ಶಾರದಮ್ಮ ಹಿಂಬಾಗಿಲಿಗೆ ಬಂದರು. ಈ ಕೂಗು ವರ್ಷಗಳಿಂದ ಕಿವಿಗೆ ಬೀಳುತ್ತಿದೆ, ಅದು ಯಾವ ಹಕ್ಕಿ ಎಂದರು.

"ಕಾಜಾಣ ಅಮ್ಮ. ಊರಾಗೆ ಕುರಿ ಬೆನ್ನ ಮ್ಯಾಲೆ ಕುಂತ್ಕಂಡು ಬರ್ತೈತೆ. ಇಲ್ಲಿ ಕುರಿ ಇಲ್ಲ, ಅದ್ಕೆ ನನ್ನ ಹಿಂದೆ ಬಿದ್ದೈತೆ."

ಅವರು ನಕ್ಕರು, ಆದರೆ ನನ್ನ 'ಐತೆ'ಗಲ್ಲ, ಹಕ್ಕಿಯ ಚಾಳಿಗೆ. ಮೆಟ್ಟಿಲ ಮೇಲೆ ಕೂತು ಅದರ ಬಾಲ ಹೇಗಿದೆ, ಈಗ ಎಲ್ಲಿದೆ ಎಂದು ಒಂದೊಂದೇ ಕೇಳಿದರು.

ಅಂದಿನಿಂದ ಕೆಲಸಕ್ಕೆ ಹೊರಡುವ ಮೊದಲು ನಾನು ಹೇಳುವುದು, ಅವರು ಕೇಳುವುದು. ದಾಸವಾಳಕ್ಕೆ ಬಂದ ಸೂರಕ್ಕಿಯ ಕತ್ತು ಬಿಸಿಲಿಗೆ ನೀಲಿಯಾದದ್ದು, ಪಿಕಳಾರ ಗೂಡಿಗೆಂದು ನಮ್ಮ ಪೊರಕೆಯ ಕಡ್ಡಿಯನ್ನೇ ಕದ್ದದ್ದು. ಊರಲ್ಲಿ ನನ್ನ ಕಣ್ಣೆಲ್ಲ ಕುರಿಯ ಮೇಲೇ ಇರುತ್ತಿತ್ತು. ಇಲ್ಲಿ ಅವರಿಗಾಗಿ ನೋಡುತ್ತ ನೋಡುತ್ತ ನನಗೂ ಕಾಣತೊಡಗಿತು.

ಹಬ್ಬಕ್ಕೆ ಎರಡು ದಿನವಿರುವಾಗ ಅಣ್ಣ ಬಂದ. ನಾನೇ ಕರೆದದ್ದು ಮರೆತೇಹೋಗಿತ್ತು. ಶಾರದಮ್ಮ ಅವನಿಗೆ ಊಟ ಹಾಕಿಸಿದರು. ಅವನು ಬಂದ ಕಾರಣ ಹೇಳಿದಾಗ ಹಿತ್ತಲ ಕಡೆ ಮುಖ ತಿರುಗಿಸಿದರು.

"ಕರ್ಕೊಂಡು ಹೋಗಿ, ಹುಟ್ಟಿದ ಮನೆ ಅಲ್ವಾ. ಆದ್ರೆ ಇವಳು ಬಂದ ಮೇಲೇ ನನಗೆ ನನ್ನ ಹಿತ್ತಲು ಕಾಣ್ತಿರೋದು."

ಅಣ್ಣ ನನ್ನ ಮುಖ ನೋಡಿದ.

"ಹಬ್ಬ ಮುಗಿಸ್ಕಂಡು ಬರ್ತೀನಿ ಅಮ್ಮ" ಎಂದೆ.

ಊರಲ್ಲಿ ನಾಲ್ಕು ದಿನ ಇದ್ದೆ, ಹೊಟ್ಟೆ ತುಂಬ ಉಂಡೆ, ಅಣ್ಣನ ಜೊತೆ ಕುರಿ ಹಿಂದೆ ಹೋಗಿ ಬಂದೆ. ಹೊರಡುವ ದಿನ ಅತ್ತಿಗೆ ಬುತ್ತಿ ಕಟ್ಟಿಕೊಟ್ಟು, "ಮತ್ತೆ ಮನೆಗೆ ಯಾವಾಗ ಬರ್ತೀಯ?" ಎಂದಳು. ಬೆಳಗ್ಗೆ ಫೋನಿನಲ್ಲಿ ಶಾರದಮ್ಮ ಕೇಳಿದ್ದೂ ಅದನ್ನೇ: ಮನೆಗೆ ಯಾವಾಗ ಬರ್ತೀಯ?