ಕಲಕು ನೀರಿಗೆ ಹಳದಿ ಮೀನು

ನಮ್ಮ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ ಮೀನುಗಳಿವೆ. ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತಿದ್ದ ಧಾರವಾಡದ ಮನೆತನದವಳು ನಾನು. ನೀವು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ಇವು ರಬ್ಬರು, ಪ್ಲಾಸ್ಟಿಕ್ಕು, ತಗಡಿನವು; ಗಾಳದ ತುದಿಗೆ ಹುಳುವಿನ ಬದಲು ಕಟ್ಟುವ ಹುಸಿಮೀನುಗಳು. ಇಲ್ಲಿ ಲಂಡನ್ನಿನವರು ಲೂರ್ ಎನ್ನುತ್ತಾರೆ. ಜೀವಂತ ಹುಳುವನ್ನು ಚುಚ್ಚಲು ನನಗೆ ಕೈ ಬರುವುದಿಲ್ಲ. ಸಿಕ್ಕಿದ ಮೀನನ್ನೂ ಕೊಕ್ಕೆ ಬಿಡಿಸಿ ನೀರಿಗೇ ಬಿಡುತ್ತೇನೆ. ಅತ್ತ ಅಹಿಂಸೆಯೂ ಅಲ್ಲ, ಇತ್ತ ಊಟವೂ ಅಲ್ಲ. ಮೀನಿಗೆ ಸುಮ್ಮನೆ ತೊಂದರೆ ಕೊಟ್ಟು ಕ್ಷಮೆ ಕೇಳುವ ಉದ್ಯೋಗ.

ಈ ಚಟ ಹತ್ತಿದ್ದು ನನ್ನ ಯಜಮಾನರು ತೀರಿಕೊಂಡ ಮೇಲೆ. ನಾನು ಅರಿವಳಿಕೆ ವೈದ್ಯೆ. ವಾರವೆಲ್ಲ ಜನರನ್ನು ಮಲಗಿಸುವುದೇ ಕೆಲಸವಾದ್ದರಿಂದ ಆಸ್ಪತ್ರೆಯಲ್ಲೂ ನನ್ನ ಮಾತುಕತೆ ಅಷ್ಟಕ್ಕಷ್ಟೇ. ಶುಕ್ರವಾರ ಸಂಜೆ ಸಹೋದ್ಯೋಗಿಗಳಿಗೆ ‘ಬೈ’ ಹೇಳಿ ಪಿನ್ನರ್‌ನ ಮನೆಯ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಕೆಂಟನ್‌ನಲ್ಲಿರುವ ಗೆಳತಿ ಶೈಲಾ ಊಟಕ್ಕೆ ಕರೆಯುತ್ತಾಳೆ, ನಿಜ. ಆದರೆ ಅಲ್ಲಿ ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತಿನ ಶ್ರುತಿ ಇಳಿಯುತ್ತದೆ. “ಒಬ್ಬರ ಹ್ಯಾಂಗ ಇರ್ತೀರಿ ವೈನಿ?” ಎಂಬ ಪ್ರಶ್ನೆ ಪಾಯಸಕ್ಕಿಂತ ಮೊದಲು ಬಡಿಸಲ್ಪಡುತ್ತದೆ. ಒಂದು ದಿನ ಥೇಮ್ಸ್ ದಂಡೆಯಲ್ಲಿ ಗಾಳ ಹಿಡಿದು ನಿಂತವರನ್ನು ನೋಡಿದೆ. ಎಲ್ಲರೂ ಒಬ್ಬೊಬ್ಬರೇ. ಅಲ್ಲಿ ಯಾರಾದರೂ ಜೊತೆ ಕಟ್ಟಿಕೊಂಡು ಬಂದರೆ ಅವರೇ ವಿಚಿತ್ರ ಜನ. ಇದು ನನಗೆ ಹೇಳಿ ಮಾಡಿಸಿದ ಜಾಗ ಅನ್ನಿಸಿತು.

ಪಿನ್ನರ್ ಲಂಡನ್ನಿನ ಒಂದು ಮೂಲೆಯಾದರೆ ನಾನು ಹೋಗುವ ಎರಿತ್ ಅದರ ಎದುರು ಮೂಲೆ. ಬಾಸ್ ಎಂಬ ಬೆಳ್ಳಿ ಮೈಯ ಕಡಲ ಮೀನು ಭರತದ ನೀರಿನೊಂದಿಗೆ ಅಲ್ಲಿಯವರೆಗೆ ಬರುತ್ತದೆ. ಪರಿಚಯದ ಕನ್ನಡಿಗರು ಬರುವುದಿಲ್ಲ. ಗಾಳದ ಕೋಲನ್ನು ಯೋಗದ ಚಾಪೆಯ ಚೀಲದಲ್ಲಿಟ್ಟು ಟ್ಯೂಬ್ ರೈಲು ಹತ್ತುತ್ತೇನೆ. “ರವಿವಾರ ಫೋನ್ ಹಚ್ಚಿದ್ರ ಎತ್ತಂಗೇ ಇಲ್ಲಲ್ಲ,” ಎಂದು ಶೈಲಾ ಕೇಳಿದರೆ, “ನದಿ ದಂಡಿಗೆ ಅಡ್ಡಾಡ್ಲಿಕ್ಕೆ ಹೋಗಿರ್ತೀನಿ,” ಎನ್ನುತ್ತೇನೆ. ನದಿಯ ಮಟ್ಟಿಗೆ ಅದು ಸತ್ಯ.

ಹುಸಿಮೀನು ಆರಿಸುವುದು ದೊಡ್ಡ ಶಾಸ್ತ್ರ. ನಮ್ಮ ಪಂಚಾಂಗಕ್ಕೆ ಆರು ಋತುಗಳಾದರೆ ಬಾಸ್ ಮೀನಿಗೆ ಎರಡೇ, ಬರುವುದು ಮತ್ತು ಹೋಗುವುದು. ವಸಂತದ ತಣ್ಣನೆಯ ನೀರಿಗೆ ಬೆರಳುದ್ದದ ಮೆತ್ತನೆಯದನ್ನು ಕಟ್ಟಿ ನಿಧಾನಕ್ಕೆ ಎಳೆಯಬೇಕು. ಬೇಸಿಗೆಯ ಮುಂಜಾವಿಗೆ ನೀರಿನ ಮೇಲೆ ಗುಳುಕ್ ಗುಳುಕ್ ಎಂದು ಕುಪ್ಪಳಿಸುವಂಥದು. ಶರತ್ಕಾಲದಲ್ಲಿ ಮೀನು ಕಡಲಿಗೆ ಮರಳುವ ಮೊದಲು ಬಕಾಸುರನ ಹಸಿವಿನಲ್ಲಿರುವುದರಿಂದ ಲೂರ್ ದೊಡ್ಡದಿದ್ದರೂ ನಡೆಯುತ್ತದೆ. ನೀರು ತಿಳಿಯಾಗಿದ್ದರೆ ಬೆಳ್ಳಿಬಣ್ಣ, ಕಲಕಿದ್ದರೆ ಕಣ್ಣು ಕುಕ್ಕುವ ಬಣ್ಣ. ಹೋಗುವ ಮನೆ ನೋಡಿ ಸೀರೆ ಆರಿಸಿದ ಹಾಗೆಯೇ. ಈಚೆಗೆ ಸೀರೆ ಆರಿಸುವ ಪ್ರಮೇಯ ಕಡಿಮೆಯಾಗಿರುವುದರಿಂದ ನನ್ನ ಆ ವಿದ್ಯೆಯೆಲ್ಲ ಡ್ರಾಯರಿನ ಮೀನುಗಳಿಗೆ ಹೋಗುತ್ತಿದೆ.

ತೀರಾ ಕಲಕಿದ ನೀರಿನಲ್ಲಿ ಬಣ್ಣಕ್ಕಿಂತ ಹುಸಿಮೀನಿನ ಅಲ್ಲಾಡುವ ಬಾಲ ಮುಖ್ಯ. ಮೀನಿಗೆ ಪಕ್ಕೆಯುದ್ದಕ್ಕೂ ಒಂದು ಗೆರೆಯಿದೆ. ಹತ್ತಿರದಲ್ಲಿ ಏನೇ ಅಲ್ಲಾಡಿದರೂ ಕಣ್ಣಿಗೆ ಕಾಣುವ ಮೊದಲೇ ಅಲ್ಲಿ ತಿಳಿಯುತ್ತದೆ. ಇದನ್ನು ಓದಿದ ಸಂಜೆ ನಾನು ಪುಸ್ತಕ ಮುಚ್ಚಿಟ್ಟೆ. ಒಲೆಯ ಕಡೆ ಮುಖ ಮಾಡಿ ನಿಂತಿದ್ದರೂ ಯಜಮಾನರು ಹಿಂದೆ ಬಂದದ್ದು ನನಗೆ ಗೊತ್ತಾಗುತ್ತಿತ್ತು. ಈಗ ಮನೆಯಲ್ಲಿ ಅಲ್ಲಾಡುವುದು ಪರದೆ ಮಾತ್ರ. ಬಹಳ ಬೇಸರವಾಯಿತು.

ಒಬ್ಬರೇ ಇರಲು ಹೇಳಿ ಮಾಡಿಸಿದ ಜಾಗ ಎಂದೆನಲ್ಲ, ಅದರ ತೊಂದರೆ ಆಮೇಲೆ ತಿಳಿಯಿತು. ಅಲ್ಲಿ ಯಾರೂ ಮಾತಾಡುವುದಿಲ್ಲ. ನನ್ನ ಪಕ್ಕದ ಜಾಗಕ್ಕೆ ಹಸಿರು ಟೋಪಿಯ ವೃದ್ಧರೊಬ್ಬರು ವರ್ಷದಿಂದ ಬರುತ್ತಿದ್ದರು. ಬಂದಾಗ ಒಮ್ಮೆ ತಲೆಯಾಡಿಸುವರು, ಹೋಗುವಾಗ ಇನ್ನೊಮ್ಮೆ. ಒಂದು ಮಧ್ಯಾಹ್ನ ತಡೆಯಲಾರದೆ, ನಮ್ಮವರು ಮಾತು ಶುರುಮಾಡುವ ರೀತಿಯಲ್ಲೇ ಇಂಗ್ಲಿಷಿನಲ್ಲಿ, “ನಿಮ್ಮ ಊಟ ಆಯಿತೇ?” ಎಂದು ಕೇಳಿದೆ. ಅವರು ಗಡಿಯಾರ ನೋಡಿಕೊಂಡು, ನೆನಪಿಸಿದ್ದಕ್ಕೆ ಧನ್ಯವಾದ ಹೇಳಿ, ಸಾಮಾನು ಕಟ್ಟಿಕೊಂಡು ಊಟಕ್ಕೆ ಹೊರಟುಹೋದರು.

ಈ ಸಲ ದಸರಾ ತಡವಾಗಿ ಬಂತು. ಆಯುಧಪೂಜೆ, ನಮ್ಮ ಕಡೆಯ ಖಂಡೇನವಮಿ, ಯಜಮಾನರ ಖಾತೆಯಾಗಿತ್ತು. ಕಾರು, ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಸ್ಟೆತಾಸ್ಕೋಪು, ಯಾವುದನ್ನೂ ಬಿಡುತ್ತಿರಲಿಲ್ಲ. ಈ ವರ್ಷ ನಾನೊಬ್ಬಳೇ ಕಾರಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುವಾಗ, ಈಗ ನನ್ನ ಆಯುಧ ಯಾವುದು ಎಂಬ ಪ್ರಶ್ನೆ ಬಂತು. ಡ್ರಾಯರಿನ ಮೀನುಗಳನ್ನು ತಂದು ಮಣೆಯ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ಅರಿಸಿನ ಹಚ್ಚಿ ಕುಂಕುಮವಿಟ್ಟೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರು ಇಟ್ಟು ಕೆಡಿಸಿದವರಿಗೆಲ್ಲ ಗೊತ್ತಿರುವ ವಿಷಯ ನನಗೆ ಹೊಳೆಯಲಿಲ್ಲ. ಮೆತ್ತನೆಯ ಬಿಳಿ ಮೀನೊಂದು ಅರಿಸಿನ ಕುಡಿದು, ಎಷ್ಟು ತೊಳೆದರೂ ಹೋಗದ ಹಳದಿಯಾಗಿ, ಹಣೆಯಲ್ಲಿ ಕೆಂಪು ಕಲೆ ಹೊತ್ತು, ಮುತ್ತೈದೆಯಾಗಿ ಕೂತಿತ್ತು.

ಆ ಭಾನುವಾರ ಮಳೆ ಬಂದು ನದಿ ಚಹದ ಬಣ್ಣಕ್ಕೆ ತಿರುಗಿತ್ತು. ಹಳದಿಯನ್ನೇ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಬಾಸ್ ಕಚ್ಚಿತು. ಅದನ್ನು ಬಿಟ್ಟು ಏಳುವಷ್ಟರಲ್ಲಿ ಹಸಿರು ಟೋಪಿಯವರು ಪಕ್ಕದಲ್ಲಿ ನಿಂತಿದ್ದರು.

“ಈ ಬಣ್ಣದ್ದನ್ನು ನಾನು ಎಲ್ಲೂ ನೋಡಿಲ್ಲ. ಎಲ್ಲಿ ಸಿಕ್ಕಿತು?” ಎಂದರು.

ಯಾವುದೋ ಅಂಗಡಿಯ ಹೆಸರು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ನಿಜ ಹೇಳಿದೆ. ನಿಜಕ್ಕೆ ಇರುವ ದೊಡ್ಡ ಅನುಕೂಲವೆಂದರೆ ಅದು ಉದ್ದವಾಗಿರುತ್ತದೆ. ಖಂಡೇನವಮಿಯಿಂದ ಹೊರಟು, ಹುಲ್ಲು ಯಂತ್ರಕ್ಕೆ ಊದುಬತ್ತಿ ಬೆಳಗುತ್ತಿದ್ದ ನನ್ನ ಗಂಡನವರೆಗೆ ಬಂದು, ಅವರು ಇಲ್ಲವೆಂಬ ಕಡೆಗೂ ತಲುಪಿದೆ. ಟೋಪಿಯವರು ದನಿ ತಗ್ಗಿಸಲಿಲ್ಲ, ‘ಅಯ್ಯೋ’ ಅನ್ನಲಿಲ್ಲ. ಹುಸಿಮೀನಿನ ಹಣೆಯನ್ನೇ ನೋಡುತ್ತಾ, “ನನ್ನವಕ್ಕೂ ಹಚ್ಚಿಕೊಡುತ್ತೀರಾ?” ಎಂದು ಕೇಳಿದರು. ಕುಂಕುಮ ಮನೆಯಲ್ಲಿತ್ತು. ಮುಂದಿನ ಸಲ ತರುತ್ತೇನೆಂದೆ.

ಮುಂದಿನ ಎರಡು ಭಾನುವಾರ ನನಗೆ ಆಸ್ಪತ್ರೆಯ ಸರದಿ ಬಿತ್ತು. ಅಷ್ಟರಲ್ಲಿ ಚಳಿ ಹೆಚ್ಚಿ, ಬಾಸ್ ಮೀನುಗಳೆಲ್ಲ ಕಡಲಿಗೆ ಹೊರಟುಹೋಗಿದ್ದವು. ಆಮೇಲಿನ ಭಾನುವಾರ ಮಾತ್ರ, ಶಾಸ್ತ್ರ ಬಲ್ಲವರು ಹೊದ್ದು ಮಲಗುವ ಹವೆಯಲ್ಲಿ, ಅರಿಸಿನ ಕುಂಕುಮದ ಭರಣಿಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಲಂಡನ್ ದಾಟಿ ಹೋದೆ. ದಾರಿಯುದ್ದಕ್ಕೂ, ಅವರು ಬಂದಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದಂಡೆಯಲ್ಲಿ ಇನ್ನಾರೂ ಇರಲಿಲ್ಲ. ಅವರು ತಮ್ಮ ಲೂರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಾಳದ ಕೋಲು ತಂದಿರಲಿಲ್ಲ. ನಾನೂ ತಂದಿರಲಿಲ್ಲ. ಥರ್ಮಾಸಿನ ಮುಚ್ಚಳದಲ್ಲಿ ಅರಿಸಿನ ಕಲಸಿ ಒಂದೊಂದಕ್ಕೂ ಹಚ್ಚಿ ಕುಂಕುಮವಿಟ್ಟುಕೊಟ್ಟೆ.

“ಇನ್ನು ಏಪ್ರಿಲ್‌ವರೆಗೆ ಇಲ್ಲಿ ಮೀನು ಬರುವುದಿಲ್ಲ,” ಎಂದರು ಅವರು.

“ಗೊತ್ತು,” ಎಂದೆ.

ಅವರು ಪೆಟ್ಟಿಗೆ ಮುಚ್ಚಿ, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು.