ದೊಡ್ಡಮ್ಮನ ಸಂಕ್ರಾಂತಿ ಬಾಯಾರಿಕೆ

ಹಳೆಯ ಮರವನ್ನು ನೀರಿನಲ್ಲಿ ನೆನೆಹಾಕಿದರೆ ಅದರೊಳಗಿಂದ ಒಂದು ವಾಸನೆ ಏಳುತ್ತದೆ. ವರ್ಷಗಟ್ಟಲೆ ಸಕ್ಕರೆ ಪಾಕ ಕುಡಿದ ಮರವಾದರೆ ಆ ವಾಸನೆಯಲ್ಲಿ ತುಸು ಸಿಹಿಯೂ ಇರುತ್ತದೆ. ನಿಮ್ಮ ಮನೆಯಲ್ಲೂ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತಿದ್ದರೆ ನಾನು ಯಾವುದರ ಮಾತಾಡುತ್ತಿದ್ದೇನೆಂದು ನಿಮಗೆ ಗೊತ್ತಾಗಿಯೇ ಇರುತ್ತದೆ. ಹೋದ ಜನವರಿಯಲ್ಲಿ, ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿ, ಗೀತಕ್ಕನ ಮನೆಯ ಸಿಂಕಿನಲ್ಲಿ ಆ ಮರದ ಅಚ್ಚುಗಳನ್ನು ಮುಳುಗಿಸಿ ನಿಂತಿದ್ದೆ. ಕಿಟಕಿಯಾಚೆ ಡ್ರೈವ್‌ವೇ ತುಂಬ ಹಿಮ, ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಮೂಗು ಮಾತ್ರ ಮೈಸೂರಿಗೆ ಹೋಗಿ ಕೂತಿತ್ತು. ಗೀತಕ್ಕ ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ ಈಗ ಅವಳ ಮನೆಯಲ್ಲೇ ಇದ್ದಾರೆ. ನಾನಿರುವುದು ಶಿಕಾಗೋ ಕಡೆಯ ಲೈಲ್‌ನಲ್ಲಿ. ಬೆಳಿಗ್ಗೆ ಎದ್ದವಳೇ ಕಾರಿನ ಟ್ರಂಕಿನಲ್ಲಿ ಸಕ್ಕರೆ ಚೀಲ ಹಾಕಿಕೊಂಡು, ಮುನ್ನೂರು ಮೈಲಿಯ ಹತ್ತಿರ ಡ್ರೈವ್ ಮಾಡಿಕೊಂಡು ಬಂದಿದ್ದೆ. ಬಂದ ಕೆಲಸ ಒಂದೇ, ದೊಡ್ಡಪ್ಪನಿಂದ ಪಾಕ ಕಲಿಯಬೇಕು. ಅವರಿಗೆ ಎಂಬತ್ತೈದು ದಾಟಿದೆ. ನಮ್ಮ ಮನೆತನದಲ್ಲಿ ಸಕ್ಕರೆ ಅಚ್ಚಿನ ಹದ ಬಲ್ಲವರು ಅವರೊಬ್ಬರೇ, ಅವರಿಂದ ಯಾರೂ ಕಲಿತಿಲ್ಲ, ಅವರ ಜೊತೆಗೆ ಅದೂ ಹೋಗಿಬಿಡುತ್ತದೆ ಎನ್ನುವ ಹೆದರಿಕೆ ನನಗೆ ಕೆಲವು ವರ್ಷಗಳಿಂದ ಹತ್ತಿತ್ತು. ಆ ದಿನ ಅಲ್ಲಿ ಆದ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಬರೆದರಾದರೂ ಎದೆಯ ಭಾರ ಇಳಿದೀತೇನೋ ಎಂದು ಬರೆಯಲು ಕೂತಿದ್ದೇನೆ.

ಮೈಸೂರಿನ ಚಾಮುಂಡಿಪುರಂನಲ್ಲಿ ನಮ್ಮದು ಕೂಡುಕುಟುಂಬ. ಅಜ್ಜಿ, ದೊಡ್ಡಪ್ಪ ದೊಡ್ಡಮ್ಮ, ಅಪ್ಪ ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ, ಜೊತೆಗೆ ನಾವು ಮಕ್ಕಳು. ದೊಡ್ಡಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಗೋಲಿ ಆಡುತ್ತಿದ್ದ ಹುಡುಗರು ಗೋಲಿಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದರು. ಕುಡಿದ ಕಾಫಿ ಲೋಟವನ್ನು ಅವರು ತಾವೇ ಎತ್ತಿಟ್ಟದ್ದನ್ನು ನಾನಂತೂ ನೋಡಿದವಳಲ್ಲ. ಅಂಥವರು ವರ್ಷಕ್ಕೊಮ್ಮೆ, ಸಂಕ್ರಾಂತಿ ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಸೊಂಟಕ್ಕೆ ಟವಲು ಬಿಗಿದು ಅಡುಗೆಮನೆಗೆ ನುಗ್ಗುತ್ತಿದ್ದರು. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಚಿಕ್ಕಪ್ಪ. ಊರಿನ ಎಲ್ಲ ಮನೆಗಳಲ್ಲೂ ಹೆಂಗಸರು ಅಚ್ಚು ಹಾಕಿದರೆ ನಮ್ಮ ಮನೆಯಲ್ಲಿ ಅದು ಗಂಡಸರ ಹವ್ಯಾಸ. ಅಚ್ಚು ಮುಗಿಯುವವರೆಗೆ ಹೆಂಗಸರಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಊಟಕ್ಕೆ ಹೋಟೆಲಿನ ಇಡ್ಲಿ, ಇಲ್ಲವೇ ಅಪ್ಪ ಮಾಡಿದ, ತಟ್ಟೆ ಬೋರಲು ಹಾಕಿದರೂ ಬೀಳದಂಥ ಉಪ್ಪಿಟ್ಟು. ನಾವು ಅದನ್ನೂ ಹಬ್ಬದೂಟದ ಹಾಗೆ ತಿನ್ನುತ್ತಿದ್ದೆವು.

ಕಾಯುತ್ತಿರುವ ಸಕ್ಕರೆ ನೀರಿಗೆ ಚೂರು ಹಾಲು ಬಿಟ್ಟರೆ ಕೊಳೆಯೆಲ್ಲ ಬೂದು ಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಒಗೆದ ಪಂಚೆಯಲ್ಲಿ ಸೋಸುವುದು ಅಪ್ಪನ ಪಾಲಿನ ಕೆಲಸ. ನೆನೆದ ಅಚ್ಚುಗಳ ಹೋಳುಗಳನ್ನು ಜೋಡಿಸಿ, ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಬ್ಬರಿನಿಂದ ಬಿಗಿಯುವುದು ಚಿಕ್ಕಪ್ಪನದು. ಸೋಸಿದ್ದನ್ನು ಸ್ವಲ್ಪಸ್ವಲ್ಪವೇ ಸಣ್ಣ ಪಾತ್ರೆಯಲ್ಲಿ ಮತ್ತೆ ಕಾಯಿಸಿ, ಹದ ಬಂದ ಕೂಡಲೇ ಇಳಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ಅಚ್ಚಿಗೆ ಹೊಯ್ಯುವುದು ದೊಡ್ಡಪ್ಪನದು. ಎಲ್ಲ ಇರುವುದು ಅಲ್ಲೇ. ತುಸು ಮೊದಲು ಇಳಿಸಿದರೆ ಅಚ್ಚಿನೊಳಗೆ ಅಂಟಾಗಿ ಕೂರುತ್ತದೆ, ತುಸು ತಡವಾದರೆ ಪಾತ್ರೆಯಲ್ಲೇ ಕಲ್ಲು. ದೊಡ್ಡಪ್ಪ ಹೊಯ್ದದ್ದು ಕೆಟ್ಟಿತು ಎನ್ನುವ ಮಾತೇ ನಮ್ಮ ಮನೆಯಲ್ಲಿ ಇರಲಿಲ್ಲ. ರಬ್ಬರು ಬಿಚ್ಚಿ ಹೋಳು ತೆಗೆದರೆ ಒಳಗೆ ನವಿಲು, ಗಿಳಿ, ಆನೆ, ಬಾಳೆಗೊನೆ, ತುಳಸಿಕಟ್ಟೆ, ಇನ್ನೂ ಬೆಚ್ಚಗೆ, ಹಾಲಿನಷ್ಟು ಬಿಳಿ. ಕೊಕ್ಕು ಮುರಿದ ಗಿಳಿ, ಸೊಂಡಿಲು ಹೋದ ಆನೆ ನಮ್ಮ ಪಾಲಿಗೆ. ಮುರಿದದ್ದು ಸಾಲದಾದಾಗ ಚಿಕ್ಕಪ್ಪ ದೊಡ್ಡಪ್ಪನ ಕಣ್ಣು ತಪ್ಪಿಸಿ ಒಂದೆರಡು ಕೊಕ್ಕನ್ನು ತಾವೇ ಮುರಿದು ಕೊಡುತ್ತಿದ್ದರು. ಬೀದಿಯವರೆಲ್ಲ ಬಂದು, ಮೇಷ್ಟ್ರ ಪಾಕ ಅಂದರೆ ಪಾಕ ಎಂದು ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗ ದೊಡ್ಡಪ್ಪ ಮೇಲೆ ತಾರಸಿ ನೋಡುತ್ತಿದ್ದರು. ಅದು ವಿನಯ ಎಂದು ನಾವು ತಿಳಿದಿದ್ದೆವು.

ಇತ್ತ ಹಜಾರದಲ್ಲಿ ಹೆಂಗಸರ ಕಾರುಬಾರು. ಅಡುಗೆಮನೆಗೂ ಹಜಾರಕ್ಕೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಆ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ ಮೂವರೂ ಬೆಳಿಗ್ಗೆಯಿಂದ ಸಂಜೆವರೆಗೆ ಇಸ್ಪೀಟು ಆಡುತ್ತಿದ್ದರು. ಮಿಕ್ಕ ದಿನ ಇಸ್ಪೀಟು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ಅಜ್ಜಿ ಆಗ ಮಾತ್ರ ಗೋಡೆಗೊರಗಿ ಕೂತು, ಯಾರ ಕೈಯಲ್ಲಿ ಯಾವ ಎಲೆಯಿದೆ ಎಂದು ಇನ್ನೊಬ್ಬರಿಗೆ ಕಣ್ಸನ್ನೆ ಮಾಡುತ್ತಿದ್ದರು. ದೊಡ್ಡಮ್ಮ ಸಣ್ಣ ಆಳು, ದೊಡ್ಡ ಗಂಟಲು. ಎಲೆ ಎಸೆದರೆ ನೆಲ ಗುದ್ದಿ ಎಸೆಯಬೇಕು, ಗೆದ್ದರೆ ಪಕ್ಕದ ಮನೆಗೆ ಕೇಳಿಸಬೇಕು. ಆ ದಿನಗಳಲ್ಲಿ ಅವರಿಗೊಂದು ವಿಚಿತ್ರ ಬಾಯಾರಿಕೆ ಶುರುವಾಗುತ್ತಿತ್ತು. ಆಟದ ಮಧ್ಯೆ ಕಿಟಕಿಯ ಕಡೆ ಕತ್ತು ತಿರುಗಿಸಿ, "ರೀ, ಬಾಯಾರ್ತಿದೆ ರೀ, ಒಂದ್ ಲೋಟ ನೀರು" ಎಂದು ಕೂಗುತ್ತಿದ್ದರು. ಒಳಗಿನಿಂದ ದೊಡ್ಡಪ್ಪ, "ಬಂದೆ ಇರೇ" ಎಂದು ಗೊಣಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಡೀ ಸ್ಕೂಲನ್ನೇ ನಡುಗಿಸುತ್ತಿದ್ದ ಮೇಷ್ಟ್ರು ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಹೆಂಡತಿಗೆ ನೀರು ಕೊಡುತ್ತಿದ್ದರು. ದಿನಕ್ಕೆ ಒಂದು ಸಲವಲ್ಲ, ಎರಡು ಸಲವಲ್ಲ, ಸಂಜೆಯವರೆಗೆ ಇದೇ ಕಥೆ. "ಉಪ್ಪು ತಿಂದೋಳು ನೀರು ಕುಡೀಲೇಬೇಕು ಬಿಡು" ಎಂದು ಅಜ್ಜಿ ಛೇಡಿಸುತ್ತಿದ್ದರು. ಗಂಡನ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುವ ಯಾವ ಹೆಂಗಸನ್ನು ಕಂಡರೂ, ಇವಳಿಗೆ ದೊಡ್ಡಮ್ಮನ ಸಂಕ್ರಾಂತಿ ಬಾಯಾರಿಕೆ ಹತ್ತಿದೆ ಎನ್ನುವುದು ನಮ್ಮ ಮನೆಯ ಗಾದೆಯೇ ಆಗಿಹೋಯಿತು. ಮದುವೆಯಾದ ಹೊಸತರಲ್ಲಿ ನನ್ನ ಮೇಲೂ ಅದನ್ನು ಪ್ರಯೋಗಿಸಿದ್ದರು.

ದೊಡ್ಡಮ್ಮ ಒಂದು ಶ್ರಾವಣದಲ್ಲಿ ಹೆಚ್ಚು ನರಳದೆ ಹೋದರು. ಆ ವರ್ಷ ಹಬ್ಬವಿಲ್ಲ, ಸರಿ. ಅದರ ಮುಂದಿನ ಸಂಕ್ರಾಂತಿಗೂ ದೊಡ್ಡಪ್ಪ ಅಚ್ಚು ಮುಟ್ಟಲಿಲ್ಲ, ಆಮೇಲೆ ಎಂದೂ ಮುಟ್ಟಲಿಲ್ಲ. ಅಂಗಡಿಯ ಅಚ್ಚು ಮನೆಗೆ ಬಂತು. ಕಾಶಿಗೆ ಹೋದವರು ಇಷ್ಟವಾದ ತರಕಾರಿಯೊಂದನ್ನು ಬಿಟ್ಟು ಬರುವ ಹಾಗೆ ದೊಡ್ಡಪ್ಪ ಹೆಂಡತಿಯ ನೆನಪಿಗೆ ಸಕ್ಕರೆ ಅಚ್ಚು ಬಿಟ್ಟರು ಎಂದು ಎಲ್ಲರೂ ಮಾತಾಡಿಕೊಂಡರು. ಗೀತಕ್ಕ ಇಲ್ಲಿ ಹಬ್ಬಕ್ಕೆ ಸೇರಿದ ಕನ್ನಡದವರಿಗೆಲ್ಲ ಇದನ್ನು ಹೇಳುತ್ತಿದ್ದಳು, ಕೇಳಿದ ಆಂಟಿಯರು ತಮ್ಮ ಗಂಡಂದಿರ ಕಡೆ ಒಂದು ಸಲ ತಿರುಗಿ ನೋಡುತ್ತಿದ್ದರು. ಆಮೇಲೆ ಅಜ್ಜಿ ಹೋದರು, ಅಪ್ಪ ಅಮ್ಮ ಹೋದರು, ಚಿಕ್ಕಪ್ಪನವರು ಮಗಳ ಊರು ಸೇರಿದರು. ಮನೆ ಮಾರಿ, ಕೆಡವಿ, ಅಲ್ಲೀಗ ಮೂರು ಮಹಡಿ ಎದ್ದಿದೆ. ಆ ಕಿಟಕಿ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಅಚ್ಚುಗಳು ಮಾತ್ರ ಗೀತಕ್ಕನ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಕೂತು ಇಲ್ಲಿಗೆ ಬಂದವು.

ಪಾಕ ಕಲಿಸಿ ಎಂದು ಫೋನಿನಲ್ಲಿ ಕೇಳಿದಾಗ ದೊಡ್ಡಪ್ಪ, "ಬೇಡ ಬಿಡು ಸುಮಾ, ಅದೆಲ್ಲ ಮುಗೀತು" ಎಂದಿದ್ದರು. ನಾನು ಬಿಡಲಿಲ್ಲ. ವ್ರತ ಮುರಿಸುತ್ತಿದ್ದೇನಲ್ಲ ಎಂಬ ಅಳುಕಿನಿಂದಲೇ ಪೀಡಿಸಿ ಒಪ್ಪಿಸಿದ್ದೆ. ಆ ದಿನ ಸ್ನಾನ ಮಾಡಿ, ಸ್ವೆಟರಿನ ಮೇಲೆ ಟವಲು ಬಿಗಿದು ಅವರು ಒಲೆಯ ಮುಂದೆ ಬಂದು ನಿಂತರು. ಫೋನಿನಲ್ಲಿ ವಿಡಿಯೋ ಹಚ್ಚಿ ಹಿಡಿದುಕೊಂಡೆ. ಪಾಕ ಕುದಿಯತೊಡಗಿತು. ದೊಡ್ಡಪ್ಪ ಪಾತ್ರೆಯ ಕಡೆ ನೋಡುತ್ತಲೇ ಇರಲಿಲ್ಲ, ಗೀತಕ್ಕನ ಫ್ಯಾಮಿಲಿ ರೂಮಿನ ಕಡೆ ಮುಖ ಮಾಡಿ ನಿಂತಿದ್ದರು. ಅಲ್ಲಿ ಸೋಫಾ ಬಿಟ್ಟರೆ ಏನೂ ಇರಲಿಲ್ಲ. "ಈಗಲಾ ದೊಡ್ಡಪ್ಪ?" ಎಂದೆ. "ಇರು" ಎಂದರು. ಮತ್ತೆ ಕೇಳಿದೆ, ಮತ್ತೆ "ಇರು" ಎಂದರು. ಸೌಟು ಹಾಕುವಷ್ಟರಲ್ಲಿ ಪಾಕ ಪಾತ್ರೆಗೆ ಕಚ್ಚಿ ಕಲ್ಲಾಗಿತ್ತು. ಇಲ್ಲಿನ ಸಕ್ಕರೆಯೇ ಬೇರೆ ಎಂದು ನಾನು ಸಮಾಧಾನ ಹೇಳಿದೆ. ಎರಡನೆಯ ಸಲ ಬೇಗ ಇಳಿಸಿದರು. ಅಚ್ಚು ಬಿಚ್ಚಿದರೆ ನವಿಲು ಎರಡು ಹೋಳಿಗೂ ಅಂಟಿಕೊಂಡು ಎಳೆಎಳೆಯಾಗಿ ಬಂತು. ಎಲೆಕ್ಟ್ರಿಕ್ ಒಲೆಯಲ್ಲಿ ಉರಿ ತಿಳಿಯುವುದಿಲ್ಲ ಎಂದು ಗೀತಕ್ಕ ಒಲೆಯ ಮೇಲೆ ತಪ್ಪು ಹಾಕಿದಳು.

ಅಷ್ಟರಲ್ಲಿ ಗೀತಕ್ಕನ ಮಗಳು ಮಾಯಾ ಮಹಡಿಯಿಂದ ಇಳಿದು ಬಂದು, ಡ್ರಾಯರಿನಿಂದ ಅಡುಗೆಯ ಥರ್ಮಾಮೀಟರ್ ತೆಗೆದು ಅಜ್ಜನ ಮುಂದೆ ಹಿಡಿದಳು. "ತಾತಾ, ಜಸ್ಟ್ ಟೆಲ್ ಮಿ ದ ನಂಬರ್. ಐ ವಿಲ್ ವಾಚ್ ಇಟ್ ಫಾರ್ ಯು." ದೊಡ್ಡಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಂಬರ್ ನಂಗ್ಯಾರು ಹೇಳಿದ್ರು ಪುಟ್ಟಾ" ಎಂದು, ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ ನನ್ನ ಕಡೆ ತಿರುಗಿ, ಸಾಲವೊಂದನ್ನು ತೀರಿಸುವವರ ಹಾಗೆ ಹೇಳಿದರು: "ನಂಗೆ ಪಾಕ ನೋಡೋಕೆ ಬರಲ್ಲ ಸುಮಾ. ಯಾವತ್ತೂ ಬರ್ತಿರ್ಲಿಲ್ಲ."

ವಯಸ್ಸಾಗಿದೆ, ಮರೆತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. "ನಿಮ್ ದೊಡ್ಡಮ್ಮ ನೀರು ಕೇಳ್ತಿದ್ಲಲ್ಲ, ಆಗ ಇಳಿಸ್ತಿದ್ದೆ. ನಂಗೆ ಗೊತ್ತಿದ್ದದ್ದು ಅಷ್ಟೇ" ಎಂದರು.

ನನ್ನ ಕೈಯಲ್ಲಿ ಫೋನು ಇನ್ನೂ ವಿಡಿಯೋ ಹಿಡಿಯುತ್ತಲೇ ಇತ್ತು. ಗೀತಕ್ಕ ಬಾಯಿ ತೆರೆದವಳು ಮುಚ್ಚಲಿಲ್ಲ. ದೊಡ್ಡಪ್ಪನೇ ಒಂದೊಂದಾಗಿ ಬಿಡಿಸಿ ಹೇಳಿದರು. ಕುದಿಯುವ ಪಾಕದ ಸದ್ದು ಕಿಟಕಿಯಿಂದ ಹಜಾರಕ್ಕೆ ಕೇಳಿಸುತ್ತಿತ್ತಂತೆ. ಮೊದಲು ನೀರಿನ ಹಾಗೆ ಬಳಬಳ ಎನ್ನುವ ಸದ್ದು ಹದ ಬರುವಾಗ ಮಂದವಾಗುತ್ತದಂತೆ. ಇಸ್ಪೀಟು ಕಲೆಸುತ್ತ, ನೆಲ ಗುದ್ದುತ್ತ, ಅಜ್ಜಿಯ ಜೊತೆ ಜಗಳವಾಡುತ್ತ, ದೊಡ್ಡಮ್ಮನ ಕಿವಿ ಮಾತ್ರ ಆ ಪಾತ್ರೆಯೊಳಗೇ ಇರುತ್ತಿತ್ತು. ದೊಡ್ಡಪ್ಪ ತಾವು ಕೇಳಿ ನೋಡಿದ್ದರು, ಕಲಿಯಲೂ ನೋಡಿದ್ದರು. ಅವರ ಕಿವಿಗೆ ಎಲ್ಲ ಒಂದೇ ಸದ್ದು. ಪಕ್ಕದವನ ಉತ್ತರ ನೋಡಿ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ಸಂಸಾರ ಹೂಡಿದಂದಿನಿಂದ ಹೆಂಡತಿಯನ್ನು ಕಾಪಿ ಹೊಡೆದುಕೊಂಡು ಬಂದಿದ್ದರು. ನಾವು ಆ ಬಾಯಾರಿಕೆಯನ್ನು ನೋಡಿ ನಕ್ಕು ನಕ್ಕು ಗಾದೆ ಮಾಡಿದ್ದೆವು.

"ಯಾಕೆ ಯಾರಿಗೂ ಹೇಳ್ಲಿಲ್ಲ ದೊಡ್ಡಪ್ಪ?" ಎಂದು ಕೇಳಿದಾಗ ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೇ ಇತ್ತು. ದೊಡ್ಡಪ್ಪ ಪಾತ್ರೆಯ ಅಂಚಿಗೆ ಕಚ್ಚಿದ್ದ ಸಕ್ಕರೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದರು: "ಅವಳೇ ಬೇಡ ಅಂದ್ಲು. 'ನಂಗೆ ಬರತ್ತೆ ಅಂತ ಗೊತ್ತಾದ್ರೆ ಅತ್ತೆ ನನ್ನನ್ನೇ ಒಲೆ ಮುಂದೆ ಕೂರಿಸ್ತಾರೆ, ಹಿಂದೇನೇ ಈ ಓರಗಿತ್ತಿಯರಿಬ್ರೂ ಬರಬೇಕಾಗತ್ತೆ. ನಿಮಗೆ ಬರತ್ತೆ ಅಂದ್ಕೊಳ್ಲಿ, ನಾವು ಮೂರು ಜನ ವರ್ಷಕ್ಕೊಂದ್ ನಾಲ್ಕ್ ದಿನ ಕೂತ್ಕೋತೀವಿ' ಅಂದ್ಲು."

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಅಮ್ಮ. ಆ ನಾಲ್ಕು ದಿನ ಅವಳ ಸೆರಗಿನಲ್ಲಿ ಅರಿಸಿನದ ಕಲೆ ಇರುತ್ತಿರಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ಅವಳು ನಕ್ಕದ್ದನ್ನು ನಾನು ಆ ಚಾಪೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಚಿಕ್ಕಮ್ಮ ಆಟದ ಮಧ್ಯೆಯೇ ಕಾಲು ಚಾಚಿ ಹಾಗೇ ನಿದ್ದೆ ಹೋಗುತ್ತಿದ್ದಳು, ಹಾಡುಹಗಲಲ್ಲಿ, ಅತ್ತೆಯ ಎದುರಿಗೇ, ಯಾರೂ ಎಬ್ಬಿಸುತ್ತಿರಲಿಲ್ಲ. ಅವರಿಗೂ ಇದು ಗೊತ್ತಿರಲಿಲ್ಲ. ಗಂಡಸರಿಗೆ ಸಕ್ಕರೆಯ ಹುಚ್ಚು, ನಮಗೆ ಬಿಡುವು ಸಿಕ್ಕಿತು ಎಂದುಕೊಂಡೇ ಅಮ್ಮ ಹೋದಳು. ನಾನು ಉಳಿಸಿಕೊಳ್ಳಬೇಕೆಂದು ಹಿಮದಲ್ಲಿ ಓಡಿಬಂದದ್ದು ದೊಡ್ಡಪ್ಪನಲ್ಲಿ ಇರಲೇ ಇಲ್ಲ. ಅದನ್ನು ನಾವು ಆ ಶ್ರಾವಣದಲ್ಲೇ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಹೆಗಲ ಮೇಲೆ ಹೊತ್ತು ಕಳಿಸಿಕೊಟ್ಟಿದ್ದೆವು. ಏನನ್ನು ಕಳಿಸುತ್ತಿದ್ದೇವೆ ಎಂದು ಗೊತ್ತಿದ್ದವರು ಅಲ್ಲಿ ಒಬ್ಬರೇ, ಅವರು ಒಂದು ಮಾತೂ ಆಡಿರಲಿಲ್ಲ.

"ಅವಳು ಹೋದ ಮೇಲೆ ಒಂದ್ಸಲ ಮಾಡಿ ನೋಡ್ದೆ" ಎಂದು ದೊಡ್ಡಪ್ಪ ತಾವಾಗಿಯೇ ಮುಂದುವರಿಸಿದರು. "ಎಲ್ರೂ ಯಾವ್ದೋ ಮದುವೆಗೆ ಹೋಗಿದ್ರು. ಮಾಡಿದ್ದೆಲ್ಲ ಕಲ್ಲಾಯ್ತು. ಹಿತ್ತಲಲ್ಲಿ ಗುಂಡಿ ತೋಡಿ ಹುಗಿದ್ಬಿಟ್ಟೆ." ಆ ಬೇಸಿಗೆ ಹಿತ್ತಲ ತುಂಬ ಇರುವೆ ಮುತ್ತಿಕೊಂಡು ಅಮ್ಮ ಡಬ್ಬಗಟ್ಟಲೆ ಇರುವೆ ಪುಡಿ ಸುರಿದದ್ದು ನನಗೆ ನೆನಪಿತ್ತು. ನಗು ಬಂತು, ನಗುತ್ತಿದ್ದ ಹಾಗೇ ಅಳುವೂ ಬಂತು. ಮಾಯಾ ಏನೂ ಅರ್ಥವಾಗದೆ ನನಗೊಂದು ಟಿಶ್ಯೂ ಕೊಟ್ಟು, ಥರ್ಮಾಮೀಟರನ್ನು ಸದ್ದಾಗದ ಹಾಗೆ ಡ್ರಾಯರಿನಲ್ಲಿ ಇಟ್ಟಳು.

ಗೀತಕ್ಕ ಅಷ್ಟು ಹೊತ್ತೂ ನಿಂತೇ ಇದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಹಾಗಾದ್ರೆ ನೀವು ಅಮ್ಮನ ನೆನಪಿಗೆ ಅಂತ ಬಿಡ್ಲಿಲ್ವಾ ಅಪ್ಪಾ? ನಾನು ಇಷ್ಟು ವರ್ಷ ಎಲ್ಲರ ಹತ್ರಾನೂ ಹಾಗೇ ಹೇಳ್ಕೊಂಡ್ ಬಂದಿದೀನಿ" ಎಂದಳು.

ದೊಡ್ಡಪ್ಪ ಟವಲು ಬಿಚ್ಚಿ, ಒದ್ದೆಯಾದ ಕಡೆ ಒಳಗೆ ಬರುವಂತೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

"ಅವಳಿಲ್ಲ, ನಂಗೆ ಬರ್ಲಿಲ್ಲ, ಬಿಟ್ಟೆ" ಎಂದರು. "ನೀನು ಹೇಳಿರೋದೂ ಅದೇ ಅಲ್ವೇನೇ?"