ಒಗ್ಗರಣೆ ಇಲ್ಲದ ದಿನ ಕೂಗಿದ ಅಲಾರಂ

ನಾಲ್ಕು ಸಲ ಕೂಗಿ ಒಂದು ಬಿಡುವು. ಮತ್ತೆ ನಾಲ್ಕು ಸಲ. ಆ ಶನಿವಾರ ಮಧ್ಯಾಹ್ನ ಕೆಳಗಿನಿಂದ ಬಂದ ಆ ಸದ್ದು ನನಗೆ ಕೇಳಿಸಲಿಲ್ಲ ಎಂದು ಹೇಳುವ ಹಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಕೇಳಿಸಿತು. ಕೇಳಿಸಿದ್ದಷ್ಟೇ ಅಲ್ಲ, ಅದಕ್ಕೊಂದು ಉತ್ತರವನ್ನೂ ಕೊಟ್ಟೆ. ಆ ಉತ್ತರವೇ ಈಗಲೂ ಕಿವಿಯಲ್ಲಿ ಉಳಿದಿದೆ.

ಈ ಚಳಿದೇಶದ ಲಿಮೆರಿಕ್‌ನ ಹೊರವಲಯದಲ್ಲಿರುವ ನಮ್ಮ ಮನೆ ಹಳೆಯದು. ಕೊಳ್ಳುವಾಗ ಎತ್ತರದ ಕಿಟಕಿಗಳನ್ನೂ ಹಿಂದಿನ ಸೇಬಿನ ಗಿಡವನ್ನೂ ನೋಡಿದೆವು. ಗೋಡೆ ಎಷ್ಟು ತೆಳ್ಳಗಿದೆ ಎಂದು ನೋಡಲಿಲ್ಲ. ಮೊದಲ ಚಳಿಗಾಲದಲ್ಲೇ ಮನೆ ತನ್ನ ಗುಣ ತೋರಿಸಿತು. ಹಿತ್ತಲಿನ ಟ್ಯಾಂಕಿಗೆ ತುಂಬಿಸಿದ ಸೀಮೆಎಣ್ಣೆ ಬಾಯ್ಲರಿನಲ್ಲಿ ಉರಿದು ಕೋಣೆಗಳ ರೇಡಿಯೇಟರುಗಳನ್ನು ಕಾಯಿಸುತ್ತಿತ್ತೋ ನೇರವಾಗಿ ಆಕಾಶಕ್ಕೇ ಹೋಗುತ್ತಿತ್ತೋ ಹೇಳುವುದು ಕಷ್ಟವಾಗಿತ್ತು. ಬಾಯ್ಲರ್ ಆರಿಸಿದ ಅರ್ಧ ಗಂಟೆಗೆ ಕಾಲಿನ ಬೆರಳುಗಳು ತಣ್ಣಗಾಗುತ್ತಿದ್ದವು. ಟ್ಯಾಂಕ್ ಎಷ್ಟು ಬೇಗ ಖಾಲಿಯಾಯಿತೆಂದರೆ, ಎಣ್ಣೆ ತರುವ ಲಾರಿಯವನು ನಮ್ಮನ್ನು ಹಳೆಯ ನೆಂಟರಂತೆ ಮಾತಾಡಿಸತೊಡಗಿದ.

ಎರಡನೆಯ ಚಳಿಗಾಲಕ್ಕೆ ಅಮ್ಮ ಬೆಂಗಳೂರಿನಿಂದ ಬರುವವಳಿದ್ದಳು. ಮೂರು ತಿಂಗಳು ಇರುತ್ತೇನೆಂದಿದ್ದಳು. ಅವಳು ಬರುವ ಮೊದಲೇ ಈ ಮನೆಯನ್ನು ಬೆಚ್ಚಗೂ ಮಾಡಬೇಕು, ಖರ್ಚನ್ನೂ ಇಳಿಸಬೇಕು ಎಂದು ನಾನು ಪಣ ತೊಟ್ಟೆ. ನನ್ನ ಕೆಲಸ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಯಂತ್ರಭಾಗಗಳ ಪರೀಕ್ಷೆ. ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಮುಚ್ಚುವುದು ನನಗೆ ಹೊಸದಲ್ಲ. ಅಗರಬತ್ತಿ ಹಚ್ಚಿಕೊಂಡು ಕಿಟಕಿಯಿಂದ ಕಿಟಕಿಗೆ ನಡೆದೆ. ಹೊಗೆ ಅಲುಗಾಡಿದಲ್ಲೆಲ್ಲ ರಬ್ಬರ್ ಪಟ್ಟಿ ಅಂಟಿಸಿದೆ. ಬಾಗಿಲುಗಳ ಕೆಳಗೆ ಗಾಳಿ ತಡೆಯುವ ಬ್ರಷ್ ಪಟ್ಟಿ ಹೊಡೆಸಿದೆ. ಬಿಸಿನೀರಿನ ಡ್ರಮ್ಮಿಗೆ ದಪ್ಪನೆಯ ಕವಚ ಕಟ್ಟಿದೆ. ಅಮ್ಮ ಬಂದಮೇಲೆ ಅವಳೂ ಸೇರಿಕೊಂಡಳು. ತನ್ನ ಹಳೆಯ ಹತ್ತಿ ಸೀರೆಯೊಂದನ್ನು ಹರಿದು, ಅದರಲ್ಲಿ ಅಕ್ಕಿ ತುಂಬಿ, ಬಾಗಿಲ ಬುಡಕ್ಕೆ ಇಡಲು ಉದ್ದನೆಯ ಹಾವಿನಂಥ ದಿಂಬು ಹೊಲಿದಳು.

"ನೋಡಿ ಅತ್ತೆ, ನಿಮ್ಮ ಮಗಳು ಗಾಳಿಗೂ ವೀಸಾ ಕೇಳ್ತಾಳೆ," ಎಂದ ನನ್ನ ಗಂಡ. ಅವನು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು.

"ಕೊಡಲ್ಲ ಅಂದ್ರೂ ನುಗ್ಗಿ ಬರತ್ತಲ್ರೀ ಅದು," ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

ಇಡೀ ಮನೆ ಕಾಯಿಸುವ ಬದಲು ಹಗಲೆಲ್ಲ ಮುಂದಿನ ಕೋಣೆಯೊಂದನ್ನೇ ಬೆಚ್ಚಗಿಡುವುದು ನಮ್ಮ ಹೊಸ ಏರ್ಪಾಡು. ಅಲ್ಲೊಂದು ಕಬ್ಬಿಣದ ಒಲೆಯಿತ್ತು. ಜೌಗುನೆಲದಲ್ಲಿ ಸಿಗುವ, ಇದ್ದಿಲಿನಂತೆ ಉರಿಯುವ ಪೀಟ್ ಮಣ್ಣನ್ನು ಒತ್ತಿ ಮಾಡಿದ ಇಟ್ಟಿಗೆಗಳನ್ನು ಅದರಲ್ಲಿ ಉರಿಸುತ್ತಿದ್ದೆವು. ಒಲೆಯ ಬಾಗಿಲಿನಲ್ಲಿ ಗಾಳಿ ಹೋಗುವ ಸಣ್ಣ ಜಾರುಪಟ್ಟಿಯೊಂದಿತ್ತು. ಅದನ್ನು ಮುಚ್ಚುತ್ತ ಬಂದರೆ ಇಟ್ಟಿಗೆಗಳು ನಿಧಾನವಾಗಿ ಉರಿದು ಹೆಚ್ಚು ಹೊತ್ತು ಬಾಳುತ್ತವೆ ಎಂದು ನಾನೇ ಕಂಡುಕೊಂಡೆ, ಮತ್ತು ಹೆಮ್ಮೆಪಟ್ಟೆ. ಆದರೆ ಅದೇ ಕೋಣೆಯ ಹೊರಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಪ್ಲಾಸ್ಟಿಕ್ ಜಾಲರಿ ಹಾಕಿದ ದುಂಡನೆಯ ತೂತೊಂದಿತ್ತು. ಅಮ್ಮ ಕೂರುತ್ತಿದ್ದ ಕುರ್ಚಿಗೆ ಅದು ನೇರ. ಅವಳ ಕಾಲಿಗೆ ಅಲ್ಲಿಂದ ತಣ್ಣನೆಯ ಗಾಳಿ ಸುಯ್ಯೆನ್ನುತ್ತಿತ್ತು. ಮನೆ ಕಟ್ಟಿದವರು ಬುದ್ಧಿಯಿಲ್ಲದೆ ಬಿಟ್ಟ ತೂತು ಎಂದುಕೊಂಡೆ. ಸೀರೆಯಲ್ಲಿ ಉಳಿದಿದ್ದ ಗಜಗಟ್ಟಲೆ ಬಟ್ಟೆಯನ್ನು ಅಮ್ಮನೇ ತಂದುಕೊಟ್ಟಳು. ಜಾಲರಿ ತೆಗೆದು, ಬಟ್ಟೆಯನ್ನು ಒಳಗೆ ತುರುಕಿ, ಮೇಲೆ ಅಗಲದ ಟೇಪು ಹಾಕಿದೆ. ಸುಯ್ಯೆನ್ನುವುದು ನಿಂತಿತು. "ಈಗ ಮನೆ ಮನೆ ಹಾಗಾಯ್ತು," ಎಂದಳು ಅಮ್ಮ.

ಅಲಾರಂಗಳ ವಿಷಯ ಇಲ್ಲಿ ಹೇಳಬೇಕು. ಅಡಿಗೆಮನೆಯ ಹೊರಗಿನ ಸೀಲಿಂಗಿನಲ್ಲಿ ಹೊಗೆಯ ಅಲಾರಂ ಇತ್ತು. ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದ ಕ್ಷಣ ಅದು ಬೊಬ್ಬೆ ಹೊಡೆಯುತ್ತಿತ್ತು. ಅಡಿಗೆ ಮಾಡುವವರು ಒಗ್ಗರಣೆ ಕೊಡುವುದು, ಇನ್ನೊಬ್ಬರು ಕೆಳಗೆ ನಿಂತು ಟವೆಲ್ ಬೀಸುವುದು, ಹೀಗೆ ಕೆಲಸ ಹಂಚಿಕೊಂಡಿದ್ದೆವು. ಇಲ್ಲಿನ ಪರಿಚಯದವರ ಮನೆಗಳಲ್ಲೂ ಇದೇ ಕಥೆ. ಕೆಲವರು ಅದಕ್ಕೆ ಸ್ನಾನದ ಟೋಪಿ ತೊಡಿಸಿಬಿಡುತ್ತಾರೆ. "ಇದಕ್ಕೆ ನಮ್ಮ ಮೆಣಸಿನಕಾಯಿ ಕಂಡ್ರೆ ಆಗಲ್ಲ ಕಣೇ," ಎಂದು ಅಮ್ಮ ಬಂದ ವಾರದಲ್ಲೇ ತೀರ್ಮಾನಿಸಿದ್ದಳು. ಇನ್ನೊಂದು ಬಿಳಿಯ ಪೆಟ್ಟಿಗೆ ಮುಂದಿನ ಕೋಣೆಯ ಕಪಾಟಿನ ಮೇಲಿತ್ತು, ಹಳೆಯ ಮಾಲೀಕರು ಬಿಟ್ಟುಹೋದದ್ದು. ಅದು ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿಗೆ ಎಂದು ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿರಲಿಲ್ಲ.

ತೂತು ಮುಚ್ಚಿದ ಮೂರು ನಾಲ್ಕು ದಿನಕ್ಕೆ ಅಮ್ಮನಿಗೆ ತಲೆನೋವು ಶುರುವಾಯಿತು. ನನ್ನ ಗಂಡ ಬಿ.ಪಿ. ನೋಡಿ, "ಚಳಿಗೆ ಅತ್ತೆ, ನೀರು ಕಡಿಮೆ ಕುಡೀತಿದೀರಿ," ಎಂದು ಮಾತ್ರೆ ಕೊಟ್ಟ. ಸಂಜೆ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದರೆ ನೋವು ಇಳಿಯುತ್ತಿತ್ತು. ಹೊರಗೆ ಓಡಾಡಿದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆವು.

ಆ ಶನಿವಾರ ಏಕಾದಶಿ. ಅಮ್ಮನದು ಇಡೀ ದಿನದ ಉಪವಾಸ. ಗಂಡ ಡ್ಯೂಟಿಗೆ ಹೋಗಿದ್ದ. ನಾನು ಬ್ರೆಡ್ಡಿಗೆ ಜಾಮ್ ಹಚ್ಚಿ ತಿಂದು, ಏಣಿ ಹಾಕಿಕೊಂಡು, ಚಾವಣಿಯ ಕೆಳಗಿನ ಅಟ್ಟಕ್ಕೆ ಹತ್ತಿದೆ. ತೊಲೆಗಳ ನಡುವೆ ಶಾಖ ಹೊರಹೋಗದಂತೆ ತಡೆಯುವ ಉಣ್ಣೆಯಂಥ ಹಾಸಿನ ಸುರುಳಿಗಳನ್ನು ಬಿಡಿಸಿ ಹರಡುವುದು ಅಂದಿನ ಕೆಲಸ. ಸೂರಿನ ಸಂದಿಯಲ್ಲಿ ಗಾಳಿ ಬಿಡಬೇಕು, ಅಲ್ಲಿ ಹಾಸು ತುರುಕಬಾರದು ಎಂದು ಪೊಟ್ಟಣದ ಮೇಲೆ ಬರೆದಿತ್ತು. ಅದನ್ನು ಓದಿ, ಅಕ್ಷರಶಃ ಪಾಲಿಸುತ್ತಿದ್ದೆ. ಇಡೀ ಮನೆಯಲ್ಲಿ ಗಾಳಿಯಾಡುತ್ತಿದ್ದ ಒಂದೇ ಜಾಗದಲ್ಲಿ ನಾನು ಮೊಣಕಾಲೂರಿ ಕೂತಿದ್ದೆ.

ಆಗ ಅಲಾರಂ ಕೂಗಿತು.

"ಅಮ್ಮಾ, ಟವೆಲ್ ಬೀಸೇ!" ಎಂದು ಕಿರುಚಿದೆ. ಇದೇ ನಾನು ಕೊಟ್ಟ ಉತ್ತರ.

ಸ್ವಲ್ಪ ಹೊತ್ತಿನ ನಂತರ ಕೆಳಗಿನಿಂದ ಅಮ್ಮನ ದನಿ ಬಂತು. "ಆಯ್ತು, ಬಾಯಿ ಮುಚ್ಚಿಸಿದೀನಿ. ನೀನು ನಿನ್ನ ಕೆಲಸ ಮಾಡ್ಕೋ."

ಮಾಡಿಕೊಂಡೆ. ಎಷ್ಟು ಹೊತ್ತು ಎಂದು ಆಮೇಲೆ ಎಲ್ಲರೂ ಕೇಳಿದರು. ಎರಡು ಸುರುಳಿ ಹಾಸುವಷ್ಟು ಹೊತ್ತು; ಅದಕ್ಕಿಂತ ನಿಖರವಾಗಿ ನನಗೆ ಗೊತ್ತಿಲ್ಲ. ಮೂರನೆಯದನ್ನು ಬಿಚ್ಚುವಾಗ ಹಸಿವಾಯಿತು. ಅಮ್ಮ ಏನು ಮಾಡಿರಬಹುದೆಂದು ಮೂಗಿಗೆ ಕಟ್ಟಿದ್ದ ಮಾಸ್ಕನ್ನು ಇಳಿಸಿ ಮೂಸಿದೆ. ಸಾಸಿವೆಯ ವಾಸನೆ ಇಲ್ಲ. ಇಂಗು ಇಲ್ಲ. ಕರಿಬೇವು ಇಲ್ಲ. ಏನೂ ಇಲ್ಲ. ಇವತ್ತು ಏಕಾದಶಿ, ಅಮ್ಮ ಅಡಿಗೆಯನ್ನೇ ಮಾಡಿಲ್ಲ ಎಂಬುದು ಆಗ ಹೊಳೆಯಿತು.

ಏಣಿಯ ಯಾವ ಮೆಟ್ಟಿಲು ತುಳಿದೆ, ಯಾವುದು ಬಿಟ್ಟೆ ನೆನಪಿಲ್ಲ. ಮುಂದಿನ ಕೋಣೆಯ ಬಾಗಿಲು ತಳ್ಳಿದರೆ ಅಕ್ಕಿಯ ಹಾವು ಅಡ್ಡವಾಯಿತು, ಮತ್ತೆ ತಳ್ಳಿದೆ. ಕೋಣೆ ಎಂದಿನಂತೆಯೇ ಬೆಚ್ಚಗೆ, ಚೊಕ್ಕಟವಾಗಿತ್ತು. ಹೊಗೆಯಿಲ್ಲ. ಅದೇ ನನ್ನನ್ನು ಈಗಲೂ ಹೆದರಿಸುತ್ತದೆ. ಅಮ್ಮ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿಕೊಂಡಿದ್ದಳು.

"ಅಮ್ಮಾ!"

"ತಲೆ ಭಾರ ಕಣೇ... ಉಪವಾಸ ಅಲ್ವಾ..." ಮಾತು ಎಳೆಯುತ್ತಿತ್ತು.

ಕಂಕುಳಿಗೆ ಕೈಹಾಕಿ ಎತ್ತಿದೆ. ಕಾಲು ಊರಲಾರದೆ ಕುಸಿದಳು. ಎಳೆದುಕೊಂಡೇ ಮುಂಬಾಗಿಲು ದಾಟಿದೆ. ಹೊರಗೆ ಮಂಜು ಹೆಪ್ಪುಗಟ್ಟಿತ್ತು, ಒಂದೆಲೆಯೂ ಅಲುಗಾಡುತ್ತಿರಲಿಲ್ಲ. "ಚಪ್ಪಲಿ... ಚಳಿ ಕಣೇ, ಬಿಡೇ..." ಎಂದು ಗೊಣಗುತ್ತಿದ್ದಳು. ಆ ಗೊಣಗಾಟ ನಿಲ್ಲಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಪಕ್ಕದ ಮನೆಯ ವಯಸ್ಸಾದ ಹೆಂಗಸು ನನ್ನ ಕೂಗು ಕೇಳಿ ಬಂದರು. ತಮ್ಮ ಕೋಟು ಬಿಚ್ಚಿ ಅಮ್ಮನಿಗೆ ಹೊದಿಸಿ, ತುರ್ತುಸೇವೆಗೆ ಫೋನ್ ಮಾಡಿದವರು ಅವರೇ. ನಾನು ಒಳಗೆ ಹೋಗಿ ಒಲೆ ಆರಿಸುತ್ತೇನೆಂದು ತಿರುಗಿದಾಗ ಅವರು ತೋಳು ಹಿಡಿದು ನಿಲ್ಲಿಸಿದರು. "ಒಲೆ ಹೋದ್ರೆ ಹೋಗ್ಲಿ ಮಗೂ. ನೀನು ನಿಮ್ಮಮ್ಮನ ಕೈ ಹಿಡ್ಕೊಂಡು ಕೂತ್ಕೋ."

ಆಸ್ಪತ್ರೆಯಲ್ಲಿ ಆಮ್ಲಜನಕದ ಮಾಸ್ಕ್ ಹಾಕಿದರು. ರಕ್ತ ಪರೀಕ್ಷೆಯ ಫಲಿತಾಂಶ ಹಿಡಿದು ಬಂದ ಗಂಡ ಅಮ್ಮನ ರಕ್ತದಲ್ಲಿ ಸೇರಿದ್ದ ಆ ವಿಷಗಾಳಿಯ ಅಂಕೆಯನ್ನು ತೋರಿಸಿದ. ಆಮೇಲೆ, "ನಾಲ್ಕು ದಿನದಿಂದ ಮಾತ್ರೆ ಕೊಡ್ತಿದ್ದೆ," ಎಂದ. ಸಂಜೆಯ ಹೊತ್ತಿಗೆ ಅಮ್ಮ ಕಣ್ಣುಬಿಟ್ಟು, ದ್ವಾದಶಿ ಪಾರಣೆಗೆ ಇಲ್ಲಿ ಏನು ಕೊಡುತ್ತಾರೆಂದು ಕೇಳಿದಳು. ನಾನು ನಕ್ಕೆ, ಆಮೇಲೆ ನಿಲ್ಲಿಸಲಾಗದೆ ಅತ್ತೆ.

ಮರುದಿನ ಬೀಗ ತೆಗೆದಾಗ ಅಗ್ನಿಶಾಮಕ ದಳದವರು ಕೆಲಸ ಮಾಡಿಹೋದ ಗುರುತುಗಳಿದ್ದವು. ಟೇಪನ್ನು ಕಿತ್ತಿದ್ದರು. ಗೋಡೆಯ ತೂತಿನಿಂದ ಎಳೆದ ಸೀರೆಯ ಬಟ್ಟೆ ನೆಲದ ಮೇಲೆ ರಾಶಿಯಾಗಿ ಬಿದ್ದಿತ್ತು, ಅದರ ಹಸಿರು ಅಂಚು ಒಲೆಯವರೆಗೂ ಬಂದಿತ್ತು. ಬಿಳಿಯ ಪೆಟ್ಟಿಗೆಯನ್ನು ಅವರು ಅಡಿಗೆಮನೆಯ ಡ್ರಾಯರಿನಲ್ಲಿ, ಟವೆಲಿನೊಳಗೆ ಕಂಡರಂತೆ. ಆ ಸಣ್ಣ ತೂತು ಬುದ್ಧಿಯಿಲ್ಲದವರು ಬಿಟ್ಟದ್ದಲ್ಲ, ಒಲೆಗೆ ಉಸಿರು ಅದೇ ಎಂದು ಒಲೆ ನೋಡಲು ಬಂದ ಮನುಷ್ಯ ಸಮಾಧಾನದಿಂದಲೇ ಹೇಳಿದ. ತೂತು ಮುಚ್ಚಿ, ಜಾರುಪಟ್ಟಿಯನ್ನೂ ಮುಚ್ಚಿ, ಬೆಂಕಿಯನ್ನು ನಾನು ಉಸಿರುಗಟ್ಟಿಸಿದ್ದೆ. ಅದು ಅಮ್ಮನನ್ನು ಉಸಿರುಗಟ್ಟಿಸಿತು.

ಅಮ್ಮ ಮಾತ್ರ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. "ನಾನೇ ಅಲ್ವಾ ಅದನ್ನ ಡ್ರಾಯರ್‌ಗೆ ಹಾಕಿದ್ದು?"

"ನಾನು ತೂತು ಮುಚ್ಚಿದ್ದು, ಅಮ್ಮ."

"ಬಟ್ಟೆ ಕೊಟ್ಟಿದ್ದು ನಾನು."

"ಅಡಿಗೇನೇ ಮಾಡಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲ. ನಂಗ್ಯಾಕೆ ಹೇಳ್ಲಿಲ್ಲ?" ಕೇಳಬಾರದಿತ್ತು. ಕೇಳಿಬಿಟ್ಟೆ.

"ಗೊತ್ತಿತ್ತು. ಅಡಿಗೆ ಒಲೆ ಹಚ್ಚಿಲ್ವಲ್ಲ, ಯಾಕೆ ಬಡ್ಕೊಳ್ತಿದೆ ಅಂತಾನೂ ಅನ್ಕೊಂಡೆ. ಅಷ್ಟರಲ್ಲಿ ನೀನು ಟವೆಲ್ ಬೀಸು ಅಂದೆ. ಈ ಊರಿನ ಸಾಮಾನು, ನಿಂಗೆ ಗೊತ್ತಿರತ್ತೆ ಅಂತ ಸುಮ್ನಾದೆ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ನಿನ್ನೆ ಹಾಲು ಯಾಕೆ ಉಕ್ಕಿತು ಎಂದು ವಿವರಿಸುವ ಹಾಗೆ ಹೇಳಿದಳು.

ಅಟ್ಟದ ಹಾಸನ್ನು ಆಮೇಲೆ ಪೂರ್ತಿ ಮಾಡಿದೆವು. ಗೋಡೆಗಳೊಳಗೆ ಶಾಖನಿರೋಧಕ ತುಂಬಿಸಲು ಸರ್ಕಾರದ ನೆರವಿಗೆ ಅರ್ಜಿ ಹಾಕಿದ್ದೇವೆ. ಎಣ್ಣೆಯ ಲಾರಿ ಈಗ ಮೊದಲಿಗಿಂತ ಕಡಿಮೆ ಬರುತ್ತದೆ. ಬಾಗಿಲ ಹಾವನ್ನು ಮುಂದಿನ ಕೋಣೆಯಿಂದ ಎತ್ತಿ ಇನ್ನೊಂದು ಬಾಗಿಲಿಗೆ ಇಟ್ಟಿದ್ದೇವೆ. ಒಲೆ ಮಾತ್ರ ಎರಡು ವಾರ ತಣ್ಣಗಿತ್ತು. ಚಿಮಣಿ ಗುಡಿಸಿ, ಪರೀಕ್ಷೆಯಾಗಿ, ಸರಿಯಿದೆ ಎಂದು ಕಾಗದ ಬಂದ ಮೇಲೂ ನನಗೆ ಬೆಂಕಿಕಡ್ಡಿ ಗೀರಲಾಗಲಿಲ್ಲ. ಕೊನೆಗೆ ಅಮ್ಮ ಕುರ್ಚಿಯನ್ನು ಅದೇ ಜಾಗಕ್ಕೆ ಎಳೆದುಕೊಂಡು, ಶಾಲು ಹೊದ್ದು ಕೂತಳು. "ಹಚ್ಚು. ಕಾಲಿಗೆ ಗಾಳಿ ಬರ್ತಾ ಇದೆ, ಬರ್ಲಿ. ನಾನು ಸಾಕ್ಸ್ ಹಾಕ್ಕೊಂಡಿದೀನಿ."

ಹಚ್ಚಿದೆ. ಅವಳು ಊರಿಗೆ ಹೊರಡುವವರೆಗೂ ಪ್ರತಿ ಶನಿವಾರ ಮಧ್ಯಾಹ್ನ ಆ ಬಿಳಿಯ ಪೆಟ್ಟಿಗೆಯ ಗುಂಡಿ ಒತ್ತಿ ಪರೀಕ್ಷಿಸುವ ಕೆಲಸ ತನ್ನದೆಂದು ಹಟ ಹಿಡಿದಳು. ಒತ್ತುವ ಮೊದಲು ನನಗೆ ಕೂಗಿ ಹೇಳುತ್ತಿದ್ದಳು: "ನಾನೇ ಒತ್ತೋದು, ಓಡಿ ಬರಬೇಡ!" ನಾಲ್ಕು ಸಲ ಕೂಗಿ, ಒಂದು ಬಿಡುವು. ಗೊತ್ತಿದ್ದೂ ನಾನು ಪ್ರತಿ ಸಲ ಮೆಟ್ಟಿಲಿಳಿದು ಓಡಿ ಬರುತ್ತಿದ್ದೆ. ಅಮ್ಮ ಪೆಟ್ಟಿಗೆ ಹಿಡಿದುಕೊಂಡು ನಿಂತಿರುತ್ತಿದ್ದಳು. ನಾನು ಅವಳ ಮುಖ ನೋಡಿ, ಬಗ್ಗಿ, ಗೋಡೆಯ ತೂತಿಗೆ ಅಂಗೈ ಒಡ್ಡುತ್ತಿದ್ದೆ. ಗಾಳಿ ತಣ್ಣಗೆ ಒಳಗೆ ಬರುತ್ತಿತ್ತು.